ಮುಳ್ಳುಹಂದಿ ಕಲಿಸಿದ ನಮಸ್ಕಾರ

ಕಾಡಿಗೆ ಕಜ್ಜಿ ಬಂತು. ಕಂಡವರನ್ನೆಲ್ಲ ತಬ್ಬಿ ಮಾತಾಡಿಸುವ ಕೋತಿಯಿಂದ ಕರಡಿಗೆ, ಕರಡಿಯಿಂದ ಮೊಲಕ್ಕೆ ಹಬ್ಬಿತು. ಮುಟ್ಟುವ ಹಾಗಿಲ್ಲ, ಮಾತಾಡಿಸದೆ ಇರುವುದಕ್ಕೂ ಆಗದು. ಆಗ ಎಲ್ಲರಿಗೂ ಮುಳ್ಳುಹಂದಿಯ ನೆನಪಾಯಿತು. ಅದನ್ನು ಹುಟ್ಟಿದಾಗಿನಿಂದ ಯಾರೂ ಮುಟ್ಟಿರಲಿಲ್ಲ, ಹಾಗಾಗಿ ಕಜ್ಜಿಯೂ ಮುಟ್ಟಿರಲಿಲ್ಲ.

“ಮುಳ್ಳಣ್ಣ, ಮುಟ್ಟದೆ ಮಾತಾಡಿಸುವುದು ಹೇಗೆ?” ಎಂದು ಕೋತಿ ಕೇಳಿತು.

“ಹತ್ತು ಹೆಜ್ಜೆ ದೂರ ನಿಂತು ತಲೆ ಬಾಗಿಸಿ. ಎದುರಿನವರು ಬಾಗಿಸುವ ತನಕ ಕಾಯಿರಿ. ಅಷ್ಟೇ,” ಎಂದಿತು ಮುಳ್ಳುಹಂದಿ.

ಅಂದಿನಿಂದ ದಾರಿಯಲ್ಲಿ ಸಿಕ್ಕವರೆಲ್ಲ ಮುಳ್ಳುಹಂದಿಗೂ ತಲೆ ಬಾಗಿಸಿದರು. ಮುಳ್ಳುಹಂದಿ ಬಾಯಾರದಿದ್ದರೂ ದಿನಕ್ಕೆ ನಾಲ್ಕು ಸಲ ಹೊಳೆಗೆ ಹೋಗತೊಡಗಿತು.

ಮಳೆಗಾಲ ಕಳೆಯುವಷ್ಟರಲ್ಲಿ ಕಜ್ಜಿ ಹೋಯಿತು. ಹೊಳೆಯ ದಂಡೆಯಲ್ಲಿ ತಬ್ಬಾಟ ಮತ್ತೆ ಶುರುವಾಯಿತು. ಮುಳ್ಳುಹಂದಿ ಮಾತ್ರ ಹತ್ತು ಹೆಜ್ಜೆ ದೂರದಲ್ಲಿ ತಲೆ ಬಾಗಿಸಿ ನಿಂತಿತ್ತು.

“ಇನ್ನೂ ಯಾಕಣ್ಣ ದೂರ? ಕಜ್ಜಿ ಹೋಯಿತಲ್ಲ, ಬಾ ಬಾ!” ಎಂದು ಕೋತಿ ತೋಳು ಚಾಚಿತು.

ಮುಳ್ಳುಹಂದಿ ಸಂಭ್ರಮದಿಂದ ಎರಡು ಹೆಜ್ಜೆ ಮುಂದಿಟ್ಟಿತು. ಕೋತಿ ಚಂಗನೆ ಮರವೇರಿ, “ಅಯ್ಯೋ, ಬಾಯಿಮಾತಿಗೆ ಕರೆದೆನಪ್ಪ!” ಎಂದಿತು.

ಮುಳ್ಳುಹಂದಿ ಆ ಎರಡು ಹೆಜ್ಜೆಯನ್ನು ಹಿಂದಕ್ಕಿಟ್ಟಿತು. “ನಿಮ್ಮ ಕಜ್ಜಿ ಹೋಯಿತು. ನನ್ನ ಮುಳ್ಳು ಎಲ್ಲಿಗೆ ಹೋದೀತು?” ಎಂದು ಮತ್ತೆ ತಲೆ ಬಾಗಿಸಿ, ಎದುರಿನವರು ಬಾಗಿಸುವುದನ್ನೇ ಕಾಯುತ್ತಾ ನಿಂತಿತು.