ದೊರೆ ಎತ್ತಿದ ಗುಂಡು

"ಈ ಕೋಟೆಯಲ್ಲಿ ನನ್ನ ತೋಳಿಗೆ ಸಮನಾದ ತೋಳು ಇದೆಯೇನ್ರಯ್ಯಾ?"

ಬಿದರಕೋಟೆಯ ಪಾಳೆಯಗಾರ ಜಂಪಣ್ಣನಾಯಕ ಹೀಗೆ ಗುಡುಗಿದಾಗ ಎದುರಿಗಿದ್ದವರೆಲ್ಲ, "ಎಲ್ಲಿಂದ ಬರಬೇಕು ಪ್ರಭು!" ಎಂದರು. ಪಾಪ, ಬೇರೆ ಏನು ತಾನೇ ಅಂದಾರು?

ಅಂದು ವರ್ಷತೊಡಕು. ಯುಗಾದಿಯ ಮಾರನೆಯ ದಿನ ಕೋಟೆಯ ಬಯಲಲ್ಲಿ ಕುಸ್ತಿ, ಜಾರುಗಂಬ, ಹಗ್ಗಜಗ್ಗಾಟ ಎಲ್ಲ ನಡೆಯುತ್ತಿತ್ತು. ಕೊನೆಗೆ ಗುಂಡು ಎತ್ತುವ ಪಂದ್ಯ. ಕರಿಕಲ್ಲಿನ ದುಂಡನೆಯ ಗುಂಡನ್ನು ಮೊಣಕಾಲಿಗೆ, ಎದೆಗೆ, ಆಮೇಲೆ ಹೆಗಲಿಗೆ ತಂದು ಹಿಂದಕ್ಕೆ ಎಸೆಯಬೇಕು. ಹೋದ ವರ್ಷ ದೊರೆ ಅದಕ್ಕೆ ಕೈಹಾಕಿ, ಸೊಂಟ ಹಿಡಿದುಕೊಂಡು, ಇಪ್ಪತ್ತು ದಿನ ಎಣ್ಣೆ ತಿಕ್ಕಿಸಿಕೊಂಡಿದ್ದ. ಈ ವರ್ಷ ಪ್ರಧಾನಿಗಳು ದೊರೆಗೆಂದೇ ಹೊಸ ಗುಂಡು ತರಿಸಿದ್ದರು. ದೊರೆ ಒಂದೇ ಉಸಿರಿಗೆ ಎತ್ತಿ ಎಸೆದುಬಿಟ್ಟ!

ಜನ ಹೋ ಎಂದರು. ಆಸ್ಥಾನದ ವಿದೂಷಕ ಅಡವಯ್ಯ ಮಾತ್ರ ಕಿವಿ ನಿಮಿರಿಸಿದ. ಕಲ್ಲು ಬಿದ್ದರೆ 'ಧೊಪ್' ಎನ್ನಬೇಕು, ಇದು 'ಟೊಣ್' ಎಂದಿತ್ತು. ಪ್ರಧಾನಿಗಳ ಮುಖ ನೋಡಿದ. ಅವರು ಆಕಾಶ ನೋಡುತ್ತಿದ್ದರು. ಓಹೋ, ಹೀಗೋ ಸಮಾಚಾರ! ಹೋಗಲಿ, ದೊರೆಯ ಸೊಂಟ ಉಳಿಯಿತಲ್ಲ ಎಂದು ಸುಮ್ಮನಾದ.

ಆದರೆ ದೊರೆ ಸುಮ್ಮನಾಗಬೇಕಲ್ಲ!

"ಅಭ್ಯಾಸವೇ ಇಲ್ಲದ ನಾನು ಎತ್ತಿದೆ. ಹಾಗಿದ್ದ ಮೇಲೆ ಗರಡಿಮನೆ ಯಾಕೆ? ದಿನಾ ಹಾಲು, ತುಪ್ಪ, ಬಾದಾಮಿ ಯಾಕೆ? ನಾಳೆಯಿಂದ ಗರಡಿ ಬಂದ್. ಅಲ್ಲಿ ಕುದುರೆಯ ಹುಲ್ಲು ತುಂಬಿಸಿ!"

ಗರಡಿಯ ಉಸ್ತಾದ ಹುಚ್ಚೀರಪ್ಪ ನಿಂತಲ್ಲೇ ಕುಸಿದ. ನಲವತ್ತು ವರ್ಷ ಅದೇ ಮಣ್ಣಿನಲ್ಲಿ ಹೊರಳಿದ ಜೀವ. "ಬುದ್ಧೀ, ನನ್ನನ್ನು ಬೇಕಾದರೆ ಊರು ಬಿಡಿಸಿ, ಗರಡಿ ಮುಚ್ಚಬೇಡಿ" ಎಂದು ಅತ್ತುಬಿಟ್ಟ.

"ಮುಚ್ಚಬಾರದು ಅನ್ನುವವರು ನನ್ನ ಬಲ ಕಮ್ಮಿ ಅಂತ ತೋರಿಸಲಿ," ಎಂದ ದೊರೆ. "ಆದರೆ ಹಾಗಂತ ಬಾಯಿಬಿಟ್ಟವನ ತಲೆ ಉಳಿಯುವುದಿಲ್ಲ!"

ತೋರಿಸಬೇಕಂತೆ, ಹೇಳಬಾರದಂತೆ! ಅಡವಯ್ಯನಿಗೆ ನಗು ಬಂತು. ಆದರೆ ಮುದುಕನ ಕಣ್ಣೀರು ನೋಡಿ ಮುಂದೆ ಬಂದು ಕೈಮುಗಿದ.

"ಪ್ರಭು, ಗರಡಿ ಮಾತು ಆಮೇಲಾಗಲಿ. ದೊರೆ ಎತ್ತಿದ ಗುಂಡನ್ನು ಮಣ್ಣಲ್ಲಿ ಬಿಡಬಹುದೇ? ಅದಕ್ಕೆ ಗಂಗಾಸ್ನಾನ ಆಗಬೇಡವೇ? ಎತ್ತಿದವರೇ ಕೊಳಕ್ಕೆ ಇಳಿಸಬೇಕು. ಶಾಸ್ತ್ರ!"

"ಯಾವ ಶಾಸ್ತ್ರ?"

"ನಮ್ಮಜ್ಜ ಹೇಳುತ್ತಿದ್ದ."

ಪ್ರಧಾನಿಗಳು ಬೆವತುಹೋದರು. "ಬೇಡಿ ಪ್ರಭು! ನೀರು ತಣ್ಣಗಿದೆ, ಶೀತವಾದೀತು!"

"ಯಾರಿಗೆ ಸ್ವಾಮಿ, ಕಲ್ಲಿಗೋ?" ಎಂದ ಅಡವಯ್ಯ.

ಜನ ಕಿಸಕ್ಕನೆ ನಕ್ಕರು. ಅಷ್ಟು ಸಾಕಾಯಿತು. ದೊರೆ ಗುಂಡನ್ನು ಹೆಗಲಿಗೇರಿಸಿಕೊಂಡು, ಮೀಸೆ ತಿರುವುತ್ತ ಅರಮನೆಯ ಕೊಳದ ಮೆಟ್ಟಿಲಿಗೆ ಬಂದು ಧುಡುಮ್ಮನೆ ಎಸೆದ.

ಗುಂಡು ಮುಳುಗಿತು. ಮರುಕ್ಷಣವೇ ಬುಳುಕ್ಕನೆ ಮೇಲೆ ಬಂದು ತೇಲತೊಡಗಿತು. ಒಂದು ಕಪ್ಪೆ ಹಾರಿ ಅದರ ಮೇಲೆ ಆರಾಮಾಗಿ ಕುಳಿತುಕೊಂಡಿತು.

ಅಡವಯ್ಯ ಮೆಟ್ಟಿಲ ಮೇಲೆ ಉದ್ದಕ್ಕೆ ಅಡ್ಡಬಿದ್ದ.

"ಅಯ್ಯಯ್ಯೋ, ಪಾಪಿ ನಾನು, ಇಷ್ಟು ದಿನ ಗೊತ್ತೇ ಆಗಲಿಲ್ಲ! ಕಲ್ಲು ತೇಲಿದ್ದು ಶ್ರೀರಾಮನ ಸೇತುವೆಯಲ್ಲಿ, ಬಿಟ್ಟರೆ ಇಲ್ಲಿ! ಪ್ರಭು, ಗರಡಿಯ ಹಳೇ ಗುಂಡನ್ನೂ ಒಂದು ಸಲ ಎತ್ತಿ ಹಾಕಿಬಿಡಿ. ಅದೂ ತೇಲಿದರೆ ನಾಳೆಯೇ ತಮಗೊಂದು ಗುಡಿ ಕಟ್ಟಿಸೋಣ!"

ದೊರೆ ಕಪ್ಪೆಯನ್ನು ನೋಡಿದ. ಪ್ರಧಾನಿಗಳನ್ನು ನೋಡಿದ. ಬಯಲಿಗೆ ನಡೆದು ಹಳೇ ಗುಂಡನ್ನು ತಬ್ಬಿದ. ಎಳೆದ, ತಿಣುಕಿದ, ಮುಖ ಕೆಂಪಾಯಿತು. ಗುಂಡು ಮಿಸುಕಲಿಲ್ಲ. ಇನ್ನೊಮ್ಮೆ ಬಗ್ಗಿದಾಗ ಸೊಂಟ ಛಳಕ್ ಎಂದಿತು.

"ಉಸ್ತಾದರೇ," ಎಂದ ಮೆತ್ತಗೆ, "ನೀವು ಬನ್ನಿ."

ಹುಚ್ಚೀರಪ್ಪ ಕಣ್ಣೊರೆಸಿಕೊಂಡು ಎದ್ದ. ಮಣ್ಣು ಮುಟ್ಟಿ ಹಣೆಗೊತ್ತಿಕೊಂಡ. ಅರವತ್ತು ದಾಟಿದ ಮುದುಕ ಗುಂಡನ್ನು ಎದೆಗೆ ತಂದ, ಹೆಗಲಿಗೆ ತಂದ, ಹಿಂದಕ್ಕೆ ಬಿಟ್ಟ. ಧೊಪ್! ನೆಲದಲ್ಲಿ ಗೇಣುದ್ದ ತಗ್ಗು ಬಿತ್ತು.

ದೊರೆ ತಲೆತಗ್ಗಿಸಿ ನಿಂತ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಗರಡಿ ಮುಚ್ಚಬೇಡಿ. ಇವರ ಹಾಲು ಎರಡರಷ್ಟು ಮಾಡಿ. ಪ್ರಧಾನಿಗಳೇ, ನನ್ನ ಸೊಂಟಕ್ಕಾಗಿ ಮಾಡಿದಿರಿ, ಕ್ಷಮಿಸಿದ್ದೇನೆ. ಇನ್ನು ಮೇಲೆ ಒಂದು ತಿಂಗಳು ನೀವೇ ಎಣ್ಣೆ ತಿಕ್ಕಬೇಕು!"

ಕೈಯ ಬಂಗಾರದ ಕಡಗ ಕಳಚಿ ಅಡವಯ್ಯನಿಗೆ ತೊಡಿಸುತ್ತ ಕೇಳಿದ: "ಗುಂಡು ಟೊಳ್ಳು ಮರದ್ದು ಅಂತ ನಿನಗೆ ಆಗಲೇ ಗೊತ್ತಿತ್ತು. ನೆಟ್ಟಗೆ ಹೇಳಬಾರದಿತ್ತೇನೋ?"

"ಹೇಳಿದ್ದರೆ ನನ್ನ ತಲೆ ತೆಗೆಸಿ ಇದೇ ಕೊಳಕ್ಕೆ ಹಾಕಿಸುತ್ತಿದ್ದಿರಿ ಪ್ರಭು."

"ಹಾಕಿಸಿದ್ದರೆ?"

"ಮುಳುಗಿಹೋಗುತ್ತಿತ್ತು. ಇಲ್ಲಿರುವ ಉಳಿದ ತಲೆಗಳ ಹಾಗಲ್ಲ, ನನ್ನದರೊಳಗೆ ಏನೋ ಒಂಚೂರು ಇದೆ!"