ಅವ್ವನ ಚಿತೆಗೊಂದು ಕೆಂಡ

"ಕೇಳಿರಪ್ಪೋ ಕೇಳಿ! ಅರಸ ದೇವಸೇನರ ಮೂರು ಒಗಟಿಗೆ ಉತ್ತರ ಹೇಳಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ತಲೆದಂಡ! ಅಲ್ಲಿಯವರೆಗೆ ಯಾರ ಮನೆಯಲ್ಲೂ ಬೆಂಕಿ ಹೊತ್ತಿಸಕೂಡದು!"

ಹೀಗೆ ಡಂಗುರ ಸಾರಿ ಮೂರು ತಿಂಗಳಾಗಿತ್ತು. ಯಾಗಶಾಲೆಗೆ ಬೆಂಕಿ ಬಿದ್ದು ಅರಸನ ಒಬ್ಬಳೇ ಮಗಳು ಬೆಂದುಹೋದಂದಿನಿಂದ ಊರಿನ ಒಲೆಗಳೆಲ್ಲ ತಣ್ಣಗಿದ್ದವು. ಜನ ನೆನೆಯಕ್ಕಿ ತಿಂದು ಜೀವ ಹಿಡಿದಿದ್ದರು. ಕುಂಬಾರ ಬೊಮ್ಮನ ತಾಯಿ ಕೆಂಚವ್ವ ಜ್ವರದಲ್ಲಿ ಒಂದು ಗುಟುಕು ಬಿಸಿಗಂಜಿ ಕೇಳಿ ಕೇಳಿ ಕಣ್ಣು ಮುಚ್ಚಿದಳು. "ಜೀವಮಾನವೆಲ್ಲ ಮಣ್ಣು ತುಳಿದವಳು, ನನ್ನನ್ನು ಮಣ್ಣಿಗೆ ಹಾಕಬೇಡ ಮಗಾ. ಬೆಂಕಿಗೆ ಒಪ್ಪಿಸು" ಎಂಬುದೇ ಅವಳ ಕೊನೆಯ ಮಾತು.

ಬೊಮ್ಮ ಹೆಣಕ್ಕೆ ಬೇವಿನ ಸೊಪ್ಪು ಹೊದಿಸಿ ಅರಮನೆಗೆ ನಡೆದ.

ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. "ಹುಟ್ಟಿದ ಗಳಿಗೆಯಲ್ಲೇ ತಾಯಿತಂದೆ ಇಬ್ಬರನ್ನೂ ತಿನ್ನುವ ಕೂಸು ಯಾವುದು?" ಎಂದ ಅರಸ.

"ಚೇಳಿನ ಮರಿ," ಎಂದ ಸೇನಾಪತಿಯ ಮಗ.

"ಅದು ತಾಯಿಯನ್ನು ತಿಂದೀತು. ತಂದೆಯನ್ನು?"

ಭಟರು ಅವನನ್ನು ಎಳೆದೊಯ್ದರು. ಎರಡನೆಯವನು ಪಂಡಿತ. ಉತ್ತರ ಅವನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಹೆಸರನ್ನು ಈ ಅರಸನೆದುರು ಎತ್ತುವುದು ಹೇಗೆ? ಹೆದರಿ "ಕಾಲಪುರುಷ" ಎಂದ. ಅವನೂ ಹೋದ.

ಬೊಮ್ಮ ಮುಂದೆ ಬಂದು ಕೈಮುಗಿದ. "ಬೆಂಕಿ, ಬುದ್ಧೀ," ಎಂದ. "ಎರಡು ಅರಣಿಕಟ್ಟಿಗೆ ಉಜ್ಜಿದರೆ ಹುಟ್ಟುತ್ತದೆ. ಹುಟ್ಟಿದ್ದೇ ಅವನ್ನು ಸುಡುತ್ತದೆ."

"ನಿಜ ಹೇಳಿ ಶಾಪ ಉಂಡವನು ಯಾರು?"

"ಅವನೇ, ಅಗ್ನಿ. ಭೃಗು ಋಷಿಯ ಹೆಂಡತಿ ಯಾರೆಂದು ರಾಕ್ಷಸ ಕೇಳಿದಾಗ ಸುಳ್ಳಾಡಲಾರದೆ ಹೇಳಿಬಿಟ್ಟ. ರಾಕ್ಷಸ ಅವಳನ್ನು ಹೊತ್ತೊಯ್ದ. ಕಂಡದ್ದನ್ನೆಲ್ಲ ತಿನ್ನುವವನಾಗು ಅಂತ ಋಷಿ ಶಪಿಸಿದ. ಮಡಕೆ ಸುಡುವ ಆವಿಗೆ ಉರಿಸುವಾಗ ನಮ್ಮವ್ವ ಹೇಳುತ್ತಿದ್ದಳು."

ಅರಸನ ದನಿ ತಗ್ಗಿತು. "ನೀರಿನೊಳಗೆ ಅಡಗಿ ಕೂತವನು ಯಾರು? ಯಾರಿಗೆ ಹೆದರಿ?"

"ಅಗ್ನಿಯೇ. ಆದರೆ ಯಾರಿಗೂ ಹೆದರಿಯಲ್ಲ, ಬುದ್ಧೀ. ಅವನ ಮೂವರು ಅಣ್ಣಂದಿರು ದೇವತೆಗಳ ಹವಿಸ್ಸು ಹೊತ್ತೂ ಹೊತ್ತೂ ಸತ್ತರು. ಆ ಹೊರೆ ತನ್ನ ಹೆಗಲಿಗೆ ಬಂತಲ್ಲ ಅಂತ ನೀರಿಗಿಳಿದ. ದೇವತೆಗಳು ಬಿಡಲಿಲ್ಲ. ಹುಡುಕಿ ತಂದು ಹೊರಿಸಿದರು."

"ಹಾಗಾದರೆ ನನ್ನ ಮಗಳು ಹೋದದ್ದು ಅವನ ತಪ್ಪಲ್ಲವೇನೋ?"

"ನನಗೆ ತಿಳಿಯದು. ನಮ್ಮವ್ವ ಬೆಂಕಿಯಿಲ್ಲದೆ ಸತ್ತಳು. ಅದು ಯಾರ ತಪ್ಪೋ, ಅದೂ ತಿಳಿಯದು."

ಅರಸ ತಲೆ ತಗ್ಗಿಸಿ, "ಅರ್ಧ ರಾಜ್ಯ ನಿನ್ನದು," ಎಂದ.

"ರಾಜ್ಯ ಬೇಡ, ಬುದ್ಧೀ. ಒಂದು ಕೆಂಡ ಕೊಡಿ. ಅವ್ವ ಕಾಯುತ್ತಿದ್ದಾಳೆ."

ಅರಮನೆಯ ಮುದಿ ಪುರೋಹಿತರು ಅರಣಿ ಕಡೆದು ಬೆಂಕಿ ಹುಟ್ಟಿಸಿದರು. ಬೆಂಕಿಯ ತಡೆ ತೆಗೆದೆನೆಂದು ಸಾರಿಸಿ, ಅರಸ ತಾನೇ ಮಡಕೆಯಲ್ಲಿ ಕೆಂಡ ಹಿಡಿದು ಬರಿಗಾಲಲ್ಲಿ ಕುಂಬಾರಗೇರಿಯವರೆಗೆ ಬಂದ. ಚಿತೆ ಹೊತ್ತಿಕೊಂಡಿತು. ಉರಿ ಮೇಲೆದ್ದಾಗ ಅರಸ ಹಿಂದಕ್ಕೆ ಸರಿದ, ಮುಖ ತಿರುಗಿಸಿದ, ಮತ್ತೆ ಬಂದು ಬೊಮ್ಮನ ಪಕ್ಕದಲ್ಲಿ ನಿಂತ.

"ನಿನ್ನ ತಾಯಿಯ ಹೆಸರೇನಪ್ಪ?"

"ಕೆಂಚವ್ವ."

"ನನ್ನ ಮಗಳು ಚಾಮಲೆ," ಎಂದ ಅರಸ. ಮೂರು ತಿಂಗಳಲ್ಲಿ ಆ ಹೆಸರು ಒಮ್ಮೆಯೂ ಅವನ ಬಾಯಿಗೆ ಬಂದಿರಲಿಲ್ಲ. ಇನ್ನೊಂದು ಸಲ "ಚಾಮಲೇ" ಎಂದು ಕರೆದು, ಕುಂಬಾರನ ಹೆಗಲು ಹಿಡಿದು ಬಿಕ್ಕಿಬಿಕ್ಕಿ ಅತ್ತ.