ಮಣ್ಣು ಮೆತ್ತಿದ ಬಾಗಿಲು

“ಗುರುಗಳೇ, ಅನುಭವಕ್ಕಿಂತ ದೊಡ್ಡ ಗುರು ಉಂಟೇ?” ಎಂದು ಶಿಷ್ಯನೊಬ್ಬ ಕೇಳಿದ. ಅದರಲ್ಲಿ ಪ್ರಶ್ನೆಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಇದ್ದಿಲು ಸುಡುವವನಿದ್ದ. ಸೌದೆ ಒಟ್ಟಿ, ಕಿಚ್ಚಿಟ್ಟು, ಮೇಲೆ ಹಸಿಮಣ್ಣು ಮೆತ್ತುತ್ತ ನಲವತ್ತು ವರ್ಷ ಕಳೆದಿದ್ದ. ಹೊಗೆ ಬೆಳ್ಳಗಿದ್ದರೆ ಕಟ್ಟಿಗೆಯ ನೀರು ಹೋಗುತ್ತಿದೆ ಎಂದು ಅರ್ಥ. ನೀಲಿಗೆ ತಿರುಗಿತೋ, ಕಿಂಡಿಗಳನ್ನೆಲ್ಲ ಮುಚ್ಚಬೇಕು. ಒಂದು ಬಿರುಕು ಉಳಿದರೂ ಗಾಳಿ ಒಳಹೊಕ್ಕು ಇದ್ದಿಲೆಲ್ಲ ಬೂದಿ. ಇಷ್ಟೇ ಅವನ ವಿದ್ಯೆ. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಅವನ ಪಾಲಿಗೆ ಬರೀ ಗಾದೆಯಾಗಿರಲಿಲ್ಲ.

ಮರ ಕಡಿಯುವುದು ನಿಂತ ಮೇಲೆ ಅವನು ಗೊಬ್ಬರದ ಗೋದಾಮೊಂದಕ್ಕೆ ಕಾವಲುಗಾರನಾದ. ಗೋದಾಮಿಗೆ ಅಂಟಿಕೊಂಡಂತೆ ಹಮಾಲರ ಹನ್ನೆರಡು ಮನೆಗಳಿದ್ದವು. ಅವುಗಳಲ್ಲೊಂದರಲ್ಲಿ ಅವನ ಹೆಂಡತಿಯೂ ಬಸುರಿ ಮಗಳೂ ಇದ್ದರು. ಗೋದಾಮಿನ ತುಂಬ ಅಮೋನಿಯಂ ನೈಟ್ರೇಟ್ ಎಂಬ ಬಿಳಿಯ ಉಪ್ಪು.

ಅದನ್ನು ತಂದಿಳಿಸಿದ ಲಾರಿಯವನು ಹೇಳಿದ: “ಅಜ್ಜ, ಇದು ಕಟ್ಟಿಗೆಯಲ್ಲ. ಉರಿಯಲು ಬೇಕಾದ ಗಾಳಿ ಇದರ ಹೊಟ್ಟೆಯಲ್ಲೇ ಇದೆ. ಬಿಸಿ ತಾಗಿದರೆ ಕರಗಿ, ಒಡೆದು, ಅನಿಲವಾಗಿ, ಆವಿಯಾಗಿ ಹೊರಡುತ್ತದೆ. ಹೊರಡಲು ದಾರಿ ಬೇಕು. ಬೆಂಕಿ ಬಿದ್ದರೆ ಬಾಗಿಲೆಲ್ಲ ತೆಗೆದಿಟ್ಟು ಜನರನ್ನು ದೂರ ಓಡಿಸು. ಮುಚ್ಚಿದೆಯೋ, ಸಿಡಿಯುತ್ತದೆ.”

“ನನಗೇ ಬೆಂಕಿಯ ಪಾಠ ಹೇಳುತ್ತೀಯೇನಪ್ಪ?” ಎಂದು ಮುದುಕ ನಕ್ಕ. ನಿನ್ನೆ ಮೊನ್ನೆ ಕಣ್ಣು ಬಿಟ್ಟವನು ಮೀನಿಗೆ ಈಜು ಕಲಿಸಲು ಬಂದಿದ್ದಾನೆ ಎಂದುಕೊಂಡ.

ಒಂದು ಬೆಳಿಗ್ಗೆ ವಿದ್ಯುತ್ ತಂತಿಯ ಕಿಡಿ ಹಾರಿ ಗೋದಾಮಿನೊಳಗಿನ ಖಾಲಿ ಚೀಲಗಳ ರಾಶಿಗೆ ಬೆಂಕಿ ಹತ್ತಿತು. ಬಿಳಿ ಹೊಗೆ ಎದ್ದಿತು. ಮನೆಗಳವರು ಮಕ್ಕಳನ್ನೆತ್ತಿಕೊಂಡು ಹೊರಗೆ ಬಂದರು. ಮಗಳಂತೂ ರಸ್ತೆಯನ್ನೇ ಮುಟ್ಟಿದ್ದಳು. ಮುದುಕ ಅಡ್ಡ ನಿಂತ. ಬೆಂಕಿಯ ಉಸಿರು ಕಟ್ಟಿಸುವುದು ತನ್ನ ಕಸುಬು, ಗಾಬರಿ ಬೇಡ, ಒಳಗೆ ಹೋಗಿ ಎಂದ. ಅವನ ಮಾತಿಗೆ ಅಲ್ಲಿ ಬೆಲೆ ಇತ್ತು. ಎಲ್ಲರೂ ಒಳಗೆ ಹೋದರು. ಮಗಳೂ ತಿರುಗಿ ಬಂದಳು.

ಅವನು ಗೋದಾಮಿನ ಬಾಗಿಲು ಎಳೆದ, ಕಿಟಕಿ ಮುಚ್ಚಿದ, ಸಂದುಸಂದಿಗೂ ಹಸಿಮಣ್ಣು ಮೆತ್ತಿದ. ಅಷ್ಟು ಚೊಕ್ಕವಾಗಿ ಅವನು ಯಾವ ಇದ್ದಿಲ ಗೂಡನ್ನೂ ಮುಚ್ಚಿರಲಿಲ್ಲ. ಆದರೂ ಹೊಗೆ ನಿಲ್ಲಲಿಲ್ಲ. ಸೂರಿನಡಿಯಿಂದ ಕಂದು ಬಣ್ಣಕ್ಕೆ ತಿರುಗಿ ಬಂತು. ಕಂದು ಹೊಗೆಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಎಲ್ಲೋ ಗಾಳಿ ನುಗ್ಗುತ್ತಿದೆ ಎಂದುಕೊಂಡು, ಇನ್ನಷ್ಟು ಮಣ್ಣಿಗಾಗಿ ಬುಟ್ಟಿ ಹಿಡಿದು ಕೆರೆಗೆ ಓಡಿದ.

ಕೆರೆ ಏರಿಯ ಆಚೆ ಇಳಿದು ಬುಟ್ಟಿ ತುಂಬುತ್ತಿದ್ದಾಗ ನೆಲ ನಡುಗಿತು. ಕೆರೆಯ ಏರಿ ಅವನನ್ನು ಉಳಿಸಿತು. ಉಳಿಸಬಾರದಿತ್ತು. ಹತ್ತಿ ನೋಡಿದರೆ ಗೋದಾಮು ಇದ್ದಲ್ಲಿ ಗುಂಡಿ ಇತ್ತು, ಹನ್ನೆರಡು ಮನೆಗಳಲ್ಲಿ ಒಂದೂ ಇರಲಿಲ್ಲ. ಹೆಂಡತಿಯನ್ನು ಕೂಗಿದ, ಮಗಳನ್ನು ಕೂಗಿದ. ಸಂಜೆಯವರೆಗೂ ಕೂಗಿದ. ಓಗೊಡಲು ಯಾರೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, “ಅಷ್ಟಾದ ಮೇಲಾದರೂ ಅವನಿಗೆ ತಿಳಿಯಿತೇ?” ಎಂದು ಕೇಳಿದ.

“ಯಾವ ಬಿರುಕಿಗೆ ಮಣ್ಣು ಮೆತ್ತದೆ ಬಿಟ್ಟೆನೋ ಎಂದು ಇವತ್ತಿಗೂ ಅಳುತ್ತಾನೆ” ಎಂದರು ಗುರುಗಳು.